ನಲವತ್ತನೆಯ ಎಳೆತ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಗೆ ಗೇಟಿನ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಆಟೋದವರು ಮಾತ್ರ ಅದನ್ನು ಮೊಣಕಾಲು ಫ್ಯಾಕ್ಟರಿ ಎಂದೇ ಕರೆಯುತ್ತಿದ್ದರು. ಸವೆದ ಮೊಣಕಾಲಿನೊಳಗೆ ಕೂರಿಸುವ ಲೋಹದ ಕೀಲುಗಳು ಅಲ್ಲಿ ತಯಾರಾಗುತ್ತಿದ್ದವು. ಒಂದೇ ಅಳತೆಯ ಸಾವಿರ ಕೀಲು ಮಾಡಿಟ್ಟು, ರೋಗಿಗೆ ಹೆಚ್ಚುಕಡಿಮೆ ಹೊಂದುವುದನ್ನು ಹಾಕುವ ಕಾಲ ಮುಗಿದಿತ್ತು. ಈಗ ಸಿಂದಗಿಯ ಮುದುಕಿಯೊಬ್ಬಳ ಕಾಲಿನ ಸ್ಕ್ಯಾನ್ ಬೆಳಗ್ಗೆ ಆಸ್ಪತ್ರೆಯಿಂದ ಬಂದರೆ, ಕಂಪ್ಯೂಟರು ತಾನೇ ಆ ಕಾಲಿಗೆ ತಕ್ಕ ಕೀಲಿನ ನಕ್ಷೆ ಬರೆಯುತ್ತಿತ್ತು. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಆಕಾರ ಕೊಡಲು, ಅಂಚು ಕೊರೆಯಲು, ಬೆಳಕಿನಿಂದ ಅಳೆದು ನೋಡಲು ಬೇರೆ ಬೇರೆ ಯಂತ್ರಗಳಿಗೆ ಅದೇ ಆಜ್ಞೆ ಕೊಡುತ್ತಿತ್ತು. ಎಲ್ಲರ ಮೇಲೂ ಕಣ್ಣಿಟ್ಟು ಕೆಲಸ ಹಚ್ಚುವ ಈ ವ್ಯವಸ್ಥೆಗೆ ಕೆಲಸಗಾರರು ಇಟ್ಟ ಹೆಸರು ಮೇಸ್ತ್ರಿ.

ಮೇಸ್ತ್ರಿಗೆ ಬಾರದ ಒಂದು ವಿದ್ಯೆಯಿತ್ತು. ಕೀಲು ಜಾರುವ ಮೈ ಕನ್ನಡಿಯಂತೆ ಹೊಳೆಯಬೇಕು. ಎಲ್ಲೋ ಒಂದು ಕಡೆ ಒರಟಾಗಿ ಉಳಿದರೆ ಹತ್ತು ವರ್ಷದಲ್ಲಿ ಒಳಗೇ ಸವೆದುಹೋಗುತ್ತದೆ. ತಿರುವಿನಲ್ಲಿ ಎಷ್ಟು ಒತ್ತಬೇಕು, ಎಲ್ಲಿ ಕೈ ಹಗುರ ಮಾಡಬೇಕು ಎಂಬುದನ್ನು ಲೆಕ್ಕ ಹಾಕಿ ಮಾಡಲು ಹೋಗಿ ಅದು ಮೊದಲ ವರ್ಷ ಅಂಚುಗಳನ್ನು ಸುಟ್ಟುಹಾಕಿತ್ತು. ಆಮೇಲೆ ಕೈಪಾಠ ಬಂತು. ಹೊಸ ಆಕಾರದ ಕೀಲು ಬಂದಾಗಲೆಲ್ಲ ಪಾಲಿಶ್ ಬಲ್ಲ ಒಬ್ಬ ಮನುಷ್ಯ ರೋಬಾಟಿನ ಮಣಿಕಟ್ಟು ಹಿಡಿದು, ಒಂದು ಮಾದರಿ ಕೀಲಿನ ಮೇಲೆ ಸಾಲಾಗಿ ನಲವತ್ತು ಸಲ ಎಳೆಯುತ್ತಿದ್ದ. ಯಂತ್ರದ ತೋಳು ಅದನ್ನು ನೆನಪಿಟ್ಟುಕೊಂಡು ಅದೇ ಬಗೆಯ ಉಳಿದ ಕೀಲುಗಳಿಗೆ ತಾನೇ ಮಾಡುತ್ತಿತ್ತು.

ಹಾಗೆ ಪಾಠ ಹೇಳುವವರಲ್ಲಿ ಮೌನೇಶ ಪತ್ತಾರನೇ ಹಿರಿಯ. ಐವತ್ತೆರಡು ವರ್ಷ. ಅಪ್ಪ ಅಣ್ಣಿಗೇರಿಯಲ್ಲಿ ಬಂಗಾರದ ಕೆಲಸ ಮಾಡುತ್ತಿದ್ದವನು. ಮೌನೇಶ ಇಪ್ಪತ್ತೆರಡಕ್ಕೇ ಅದನ್ನು ಬಿಟ್ಟು ವಾಲ್ವ್ ಕಾರ್ಖಾನೆಯೊಂದರ ಪಾಲಿಶ್ ವಿಭಾಗಕ್ಕೆ ಸೇರಿ, ಅಲ್ಲಿಂದ ಇಲ್ಲಿಗೆ ಬಂದಿದ್ದ. ಮಾತು ಕಡಿಮೆ. ಆದರೆ ಗೊತ್ತಾಗದ್ದನ್ನು ಗೊತ್ತಾಗುವವರೆಗೆ ಬಿಡುವ ಜಾತಿಯಲ್ಲ.

ಒಂದು ಮಂಗಳವಾರ ಕ್ಯಾಂಟೀನಿನಲ್ಲಿ ಗ್ಯಾಸ್ ಮುಗಿದು ಚಹಾ ತಡವಾಯಿತು. ಪಾಠ ಮುಗಿದ ಕೂಡಲೇ ಎದ್ದು ಹೋಗುವ ಮೌನೇಶ ಅಂದು ಗಾಜಿನ ಆಚೆ ನಿಂತು, ತೋಳು ತನ್ನ ಪಾಠವನ್ನು ಒಪ್ಪಿಸುವುದನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ನೋಡಿದ್ದು. ನೋಡುತ್ತ ನೋಡುತ್ತ ಅವನಿಗೆ ಏನೋ ಸರಿಹೋಗಲಿಲ್ಲ. ತನ್ನ ಅಂಗಿಯನ್ನು ಯಾರೋ ತೊಟ್ಟುಕೊಂಡು ಎದುರಿಗೆ ನಡೆದುಬಂದ ಹಾಗೆ ಅನ್ನಿಸಿತು. ಸಾಲಿನ ಆರಂಭದ ಎಳೆತಗಳು ಅವನವೇ. ಕೊನೆಯವು ಅವನವಲ್ಲ. ಅವು ಉದ್ದವಾಗಿದ್ದವು.

ಮೇಲಿನ ಮಹಡಿಯ ನಿಯಂತ್ರಣ ಕೋಣೆಯಲ್ಲಿ ರುಬೀನಾ ಮುಲ್ಲಾ ಕೂರುತ್ತಿದ್ದಳು. ಗದಗಿನ ಹುಡುಗಿ, ಗಣಿತ ಓದಿದವಳು; ಮೇಸ್ತ್ರಿ ಬರೆದಿಡುವ ಅಂಕಿಗಳನ್ನೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಮೌನೇಶ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಹೇಳಿದ:

“ಮೇಡಂ, ಅದು ನನ್ನ ಕೈ ಅಲ್ರೀ.”

ರುಬೀನಾ ಮೊದಲು ನಕ್ಕಳು. ಕಲಿಸಿದ್ದನ್ನು ಕಲಿಸಿದ ಹಾಗೇ ಮಾಡುವುದಷ್ಟೇ ಅದಕ್ಕೆ ಗೊತ್ತು ಎಂದಳು. ಅವನು ಅಲುಗಲಿಲ್ಲ. ಸಾಲಿನ ಕೊನೆಯ ಎಳೆತಗಳನ್ನೇ ನೋಡಿರಿ ಎಂದ. ಅವಳು ಪರದೆಯ ಮೇಲೆ ಅವನು ಕಲಿಸಿದ ಸಾಲನ್ನೂ ತೋಳು ಒಪ್ಪಿಸಿದ ಸಾಲನ್ನೂ ಒಂದರ ಮೇಲೊಂದು ಇಟ್ಟಳು. ಅವಳ ನಗು ನಿಂತಿತು. ಮೌನೇಶ ಹೇಳಿದ್ದು ನಿಜವಾಗಿತ್ತು. ನಡುವೆ ಎಲ್ಲೋ ಮೇಸ್ತ್ರಿ ಕೈಹಾಕಿ ಕೊನೆಯ ಎಳೆತಗಳನ್ನು ಶೇಕಡಾ ಹದಿನಾಲ್ಕರಷ್ಟು ಹಿಗ್ಗಿಸಿತ್ತು.

ಹುಡುಕಿದಾಗ ಕಾರಣ ಸಿಕ್ಕಿತು. ಪಾಲಿಶ್ ಆದ ಕೀಲನ್ನು ಬೆಳಕಿನಿಂದ ಅಳೆಯುವಾಗ ಎಲ್ಲಾದರೂ ಹೊಳಪು ಕಡಿಮೆ ಬಿದ್ದರೆ, ಮುಂದಿನ ಸಲ ಅಷ್ಟನ್ನು ತಾನೇ ತುಂಬಿಕೊಳ್ಳುವ ಸ್ವಾತಂತ್ರ್ಯ ಮೇಸ್ತ್ರಿಗಿತ್ತು. ಲೋಹ ಉಜ್ಜುವ ಪಟ್ಟಿ ಸವೆದಾಗ ಬೇಕಾಗುತ್ತದೆಂದು ತಂತ್ರಾಂಶ ಮಾಡಿದವರು ಕೊಟ್ಟ ಸೌಕರ್ಯ ಅದು. ಕೀಲುಗಳೆಲ್ಲ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದುದರಿಂದ ಯಾರೂ ಈ ತಿದ್ದುಪಡಿಯ ಕಡೆ ತಿರುಗಿ ನೋಡಿರಲಿಲ್ಲ. ರುಬೀನಾ ಐದು ವರ್ಷದ ಅಂಕಿಗಳನ್ನು ತೆಗೆದಳು. ಮೊದಲ ಒಂದೂವರೆ ವರ್ಷ ಸೊನ್ನೆ. ಆಮೇಲೆ ಎರಡು. ಐದು. ಒಂಬತ್ತು. ಈಗ ಹದಿನಾಲ್ಕು.

ಅಂದಿನಿಂದ ಇಬ್ಬರಿಗೂ ಅದೇ ಧ್ಯಾನ. ಹೊಸ ಪಟ್ಟಿ ಹಾಕಿಸಿ ನೋಡಿದರು, ಹದಿನಾಲ್ಕು. ತೋಳಿನ ಕೀಲುಗಳಲ್ಲಿ ಸಡಿಲಿಕೆ ಇದೆಯೇ ಎಂದು ತಂತ್ರಜ್ಞರನ್ನು ಕರೆಸಿ ಬಿಚ್ಚಿಸಿದರು, ಏನೂ ಇರಲಿಲ್ಲ. ಬೆಳಗಿನ ತಂಪಿನಲ್ಲೊಮ್ಮೆ, ಮಧ್ಯಾಹ್ನದ ಕಾವಿನಲ್ಲೊಮ್ಮೆ ಪಾಠ ಕೊಟ್ಟು ನೋಡಿದರು. ಕೊನೆಗೆ ಪಕ್ಕದ ತೋಳಿಗೆ ಪಾಠ ಹೇಳುವ ಗಿರಿಜಾ ಹೊಂಬಳಳನ್ನು ಕರೆದು ಮೌನೇಶನ ತೋಳಿಗೆ ಪಾಠ ಹೇಳಿಸಿದರು. ಮೇಸ್ತ್ರಿ ಅವಳದನ್ನು ಒಂದು ಕೂದಲೆಳೆಯಷ್ಟೂ ತಿದ್ದಲಿಲ್ಲ. ಮೌನೇಶ ಗಿರಿಜಾ ಪಾಠ ಹೇಳುವ ಯಂತ್ರದ ತೋಳು ಹಿಡಿದ. ಹದಿನಾಲ್ಕು.

ರುಬೀನಾ ಪರದೆಯ ಮೇಲೆ ಅವನ ನಲವತ್ತು ಎಳೆತಗಳನ್ನು ಒಂದರ ಕೆಳಗೊಂದು ಗೆರೆಯಾಗಿ ಜೋಡಿಸಿದಳು. ಮೊದಲನೆಯದು ಅರವತ್ತು ಮಿಲಿಮೀಟರ್. ನಲವತ್ತನೆಯದು ಐವತ್ತೆರಡೂವರೆ. ನಡುವಿನವು ಒಂದಕ್ಕಿಂತ ಒಂದು ಚೂರು ಚೂರೇ ಚಿಕ್ಕವಾಗುತ್ತ ಬಂದು, ಚಿತ್ರ ಎತ್ತಿನ ಕೊಂಬಿನಂತೆ ಮೊನೆಯ ಕಡೆ ಕಿರಿದಾಗಿತ್ತು. ಐದು ವರ್ಷದ ಹಿಂದಿನ ಚಿತ್ರ ಇಟ್ಟಿಗೆಯಂತೆ ನೆಟ್ಟಗಿತ್ತು.

“ಎಲ್ಲಾ ಒಂದ ಅಳತಿ ಎಳದೀನ್ರೀ ನಾನು,” ಎಂದ ಮೌನೇಶ. ಸುಳ್ಳು ಹೇಳುತ್ತಿರಲಿಲ್ಲ. ಅವನ ಕೈಗೆ ಹಾಗೇ ಅನ್ನಿಸಿತ್ತು.

ಮೇಸ್ತ್ರಿ ಹಿಗ್ಗಿಸಿದ್ದು ಇವನ ಕೈಯಲ್ಲಿ ಕುಗ್ಗಿದ್ದಷ್ಟನ್ನೇ ಎಂದು ರುಬೀನಾಗೆ ಈಗ ತಿಳಿದಿತ್ತು. “ಕಾಕಾ, ಇಲ್ಲಿಗ ಬಿಡೋಣೇನು?” ಎಂದು ಮೆಲ್ಲಗೆ ಕೇಳಿದಳು.

“ಬ್ಯಾಡ. ಎಲ್ಲಿಗೆ ಹೋಗಿ ಮುಟ್ತದ ನೋಡೋಣು.”

ಅದು ಹೋಗಿ ಮುಟ್ಟಿದ್ದು ಅವನ ಮನೆಯ ಅಡುಗೆಮನೆಗೆ.

ಮೌನೇಶನಿಗೆ ರಜೆಯ ದಿನ ಒಂದು ಹವ್ಯಾಸವಿತ್ತು. ಸ್ಟೀಲಿನ ಪಾತ್ರೆಗಳ ಮೇಲೆ ಸಣ್ಣ ವಿದ್ಯುತ್ ಮೊಳೆಯಿಂದ ಹೆಸರು ಕೊರೆಯುವುದು. ನೇಕಾರ ನಗರದ ಆ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ತಟ್ಟೆ-ಲೋಟ ಇವನ ಜಗುಲಿಗೇ ಬರುತ್ತಿದ್ದವು. ಆ ಭಾನುವಾರ ಅವನ ಹೆಂಡತಿ ದಾಕ್ಷಾಯಣಿ ಅಡುಗೆಮನೆಯ ಮಾಡದಲ್ಲಿದ್ದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದು ಹಿತ್ತಲ ಬಿಸಿಲಿಗೆ ಬೋರಲು ಹಾಕಿದ್ದಳು. ಮೌನೇಶ ಹಲ್ಲುಜ್ಜುತ್ತ ಅಲ್ಲಿಗೆ ಬಂದವನು ನಿಂತುಬಿಟ್ಟ. ಬಾಯಿ ಮುಕ್ಕಳಿಸಿ ಬಂದು, ಪಾತ್ರೆಗಳನ್ನು ಕೊರೆದ ವರ್ಷದ ಪ್ರಕಾರ ಸಾಲಾಗಿ ಇಡತೊಡಗಿದ.

ಮದುವೆಯಾದ ವರ್ಷದ ಕೊಡದ ಮೇಲೆ ಹೆಂಡತಿಯ ಹೆಸರು ಅಚ್ಚು ಹಾಕಿದ ಹಾಗೆ ಇತ್ತು. ಐದಾರು ವರ್ಷದ ಹಿಂದಿನ ಬೋಗುಣಿಯಲ್ಲೂ ಅಕ್ಷರ ಸಮನಾಗಿದ್ದವು. ಮೂರು ವರ್ಷದ ಹಿಂದಿನ ಡಬ್ಬಿಯಲ್ಲಿ ಕೊನೆಯ ಎರಡು ಅಕ್ಷರ ಕುಗ್ಗಿದ್ದವು. ಕಳೆದ ಯುಗಾದಿಗೆ ತಂದ ಬುತ್ತಿ ಡಬ್ಬಿಯಲ್ಲಿ ‘ದಾ’ ಹೆಸರುಕಾಳಿನಷ್ಟಿದ್ದರೆ ‘ಣಿ’ ಸಾಸಿವೆಯಷ್ಟು.

“ಜಾಗಾ ಸಾಲ್ದ ಸಣ್ಣ ಮಾಡೀರಿ ಅಂತ ತಿಳಕೊಂಡಿದ್ದೆ,” ಎಂದಳು ದಾಕ್ಷಾಯಣಿ.

ಮೌನೇಶ ಡಬ್ಬಿಯನ್ನು ಅವಳ ಕಡೆ ತಿರುಗಿಸಿದ. ಹೆಸರು ಮುಗಿದ ಮೇಲೂ ಮೂರು ಬೆರಳಿನಷ್ಟು ಜಾಗ ಖಾಲಿ ಇತ್ತು.

ಆ ವಾರವೇ ಇಬ್ಬರೂ ವಿದ್ಯಾನಗರದ ನರರೋಗ ತಜ್ಞೆಯ ಬಳಿಗೆ ಹೋದರು. ವೈದ್ಯೆ ಅವನಿಗೆ ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿ ನೋಡಿದರು. ಹತ್ತು ಸಲ ಬಡಿಯುವಷ್ಟರಲ್ಲಿ ಬೆರಳುಗಳ ನಡುವಿನ ಅಂತರ ಅರ್ಧಕ್ಕಿಳಿದಿತ್ತು. ಓಣಿಯಂಥ ವರಾಂಡದಲ್ಲಿ ನಡೆಸಿದರು; ಎಡಗೈ ಬೀಸುತ್ತಿತ್ತು, ಬಲಗೈ ಮೈಗಂಟಿಕೊಂಡಿತ್ತು. ವಾಸನೆ ಹೇಗೆ ತಿಳಿಯುತ್ತದೆ ಎಂದು ಕೇಳಿದಾಗ ಮೌನೇಶ ಚೆನ್ನಾಗಿಯೇ ಎಂದ. ದಾಕ್ಷಾಯಣಿ ಅಲ್ಲ ಎಂದಳು. ಒಗ್ಗರಣೆ ಸೀದು ಹೊಗೆ ತುಂಬಿದರೂ ಇವರು ಒಳಗೆ ಪೇಪರ್ ಓದುತ್ತ ಕೂತಿರುತ್ತಾರೆ ಎಂದಳು.

“ಕೈ ನಡುಗಾಕ ಹತ್ತಿದಮ್ಯಾಲೆ ಜನ ನನ್ನ ಕಡೆ ಬರ್ತಾರ,” ಎಂದರು ವೈದ್ಯೆ. “ನಿಮಗಿನ್ನೂ ನಡುಕ ಇಲ್ಲ. ಯಾರು ಕಳಿಸಿದ್ರು ನಿಮ್ಮನ್ನ?”

“ಮೇಸ್ತ್ರಿ,” ಎಂದ ಮೌನೇಶ.

ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ವೈದ್ಯೆ ರುಬೀನಾ ಅಚ್ಚು ಹಾಕಿ ಕೊಟ್ಟಿದ್ದ ಐದು ವರ್ಷದ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು, ಹೊರಗೆ ಕಾಯುತ್ತಿದ್ದವರನ್ನು ಮರೆತು ನೋಡುತ್ತ ಕೂತರು. ತಮ್ಮ ಯಾವ ರೋಗಿಯ ಕೈಯನ್ನೂ ತಾವು ಹೀಗೆ ವಾರಕ್ಕೆ ಮೂರು ಸಲದಂತೆ ಐದು ವರ್ಷ ನೋಡಿಲ್ಲ ಎಂದರು. ಆಮೇಲೆ ಕಾಯಿಲೆಯ ಹೆಸರು ಹೇಳಿದರು. ಪಾರ್ಕಿನ್ಸನ್. ಚಲನೆಗೆ ಬೇಕಾದ ಒಂದು ರಸ ಮಿದುಳಿನಲ್ಲಿ ಕಡಿಮೆಯಾಗುತ್ತ ಬಂದಿದೆ. ಕಾಯಿಲೆ ಹೋಗುವುದಿಲ್ಲ, ಸಾವಕಾಶವಾಗಿ ಬೆಳೆಯುತ್ತದೆ, ಆದರೆ ಮಾತ್ರೆಗಳಿಂದ ಎಷ್ಟೋ ವರ್ಷ ಚೆನ್ನಾಗಿ ಕೆಲಸ ಮಾಡಿಕೊಂಡಿರಬಹುದು. ಮೌನೇಶ ಎಲ್ಲವನ್ನೂ ಕೇಳಿ, ಎಳೆತ ಮೊದಲು ಸರಿಯಿದ್ದು ಕೊನೆಗೆ ಯಾಕೆ ಕುಗ್ಗುತ್ತದೆ ಎಂದು ಕೇಳಿದ. ಅದು ತಮಗೂ ಪೂರ್ತಿ ಗೊತ್ತಿಲ್ಲ ಎಂದು ವೈದ್ಯೆ ಒಪ್ಪಿಕೊಂಡರು.

ಹೆದರಿಕೆ ಅವನಿಗೆ ಅಂದು ಬರಲಿಲ್ಲ. ಎರಡು ದಿನ ಬಿಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬಂತು. ನಾಲ್ಕನೆಯ ಗುಂಡಿಗೆ ಬೆರಳು ತಡವಾಯಿತು. ಇಷ್ಟು ದಿನವೂ ತಡವಾಗುತ್ತಿತ್ತೇ, ಇವತ್ತೇ ಮೊದಲೇ ಎಂದು ಹೊಳೆಯದೆ ಮಂಚದ ಮೇಲೆ ಕೂತುಬಿಟ್ಟ. ದಾಕ್ಷಾಯಣಿ ಬಂದು ಗುಂಡಿ ಹಾಕಿದಳು. ಅವಳಿಗೆ ಸಿಟ್ಟು ಬಂದಿದ್ದು ಮೇಸ್ತ್ರಿಯ ಮೇಲೆ. ಐದು ವರ್ಷ ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ಅದು ಎಂದಳು. ಅದಕ್ಕೆ ಗೊತ್ತಿರಲಿಲ್ಲ ಎಂದು ಮೌನೇಶ ವಿವರಿಸಿದ. ಹೊಳಪು ಎಲ್ಲಿ ಕಡಿಮೆ ಬಿತ್ತೋ ಅಷ್ಟು ತುಂಬಿತು, ಯಾಕೆ ಕಡಿಮೆ ಬಿತ್ತು ಎಂದು ಕೇಳಲು ಅದಕ್ಕೆ ಯಾರೂ ಕಲಿಸಿರಲಿಲ್ಲ.

ದಾಕ್ಷಾಯಣಿ ಅವನ ಅಂಗಿಯ ಕಾಲರು ಸರಿಮಾಡಿದಳು.

“ಸಂತಿಗೆ ಹೋಗುವಾಗ ನಾ ಸಾವಕಾಶ ನಡೆಯಾಕ ಹತ್ತಿ ಎರಡ ವರ್ಷ ಆತು,” ಎಂದಳು ಆಮೇಲೆ. “ನೀವು ಹಿಂದ ಬೀಳ್ತೀರಿ ಅಂತ. ಯಾಕ ಬೀಳ್ತೀರಿ ಅಂತ ನಾನೂ ಕೇಳ್ಕೊಂಡಿಲ್ಲ.”

ಮಾತ್ರೆ ಶುರುವಾಗಿ ಆರು ವಾರಕ್ಕೆ ಹದಿನಾಲ್ಕು ಒಂಬತ್ತಕ್ಕಿಳಿಯಿತು. ಮೌನೇಶನೂ ರುಬೀನಾಳೂ ಆ ಅಂಕಿಯನ್ನು ಮಕ್ಕಳು ಮೊಳಕೆ ನೋಡುವ ಹಾಗೆ ದಿನಾ ನೋಡುತ್ತಿದ್ದರು. ವೈದ್ಯೆ ಇನ್ನೊಂದು ಹೇಳಿದ್ದರು. ಇಂಥವರಿಗೆ ಎದುರಿಗೆ ಗುರುತು ಕಂಡರೆ ಕೈ ಅಲ್ಲಿಯವರೆಗೆ ಹೋಗುತ್ತದಂತೆ. ಒಳಗಿನ ಅಳತೆ ಕೈಕೊಟ್ಟಾಗ ಹೊರಗಿನ ಅಳತೆ ನಡೆಸುತ್ತದಂತೆ. ರುಬೀನಾ ಮಾದರಿ ಕೀಲಿನ ಎರಡು ಅಂಚಿಗೆ ಎರಡು ಕೆಂಪು ಬೆಳಕಿನ ಗೆರೆ ಬೀಳುವಂತೆ ಮಾಡಿದಳು. ಗೆರೆಯಿಂದ ಗೆರೆಗೆ ಎಳೆದ ದಿನ ತಿದ್ದುಪಡಿ ನಾಲ್ಕಾಯಿತು. ಗೆರೆ ಆರಿಸಿದರೆ ಮತ್ತೆ ಒಂಬತ್ತು. ಏಳೆಂಟು ಸಲ ಹಚ್ಚಿ ಆರಿಸಿ ನೋಡಿ ಇಬ್ಬರೂ ನಕ್ಕರು.

ಅಷ್ಟರಲ್ಲಿ ಸುದ್ದಿ ಕಾರ್ಖಾನೆಯ ಮುಖ್ಯಸ್ಥ ಇನಾಮದಾರರಿಗೆ ಮುಟ್ಟಿತ್ತು. ತೋಳು ಬಿಚ್ಚಿಸಿದ್ದಕ್ಕೆ ಕಾರಣ ಬರೆದುಕೊಡಬೇಕಾಗಿ ಬಂದಾಗ ರುಬೀನಾ ಮೌನೇಶನನ್ನು ಕೇಳಿಯೇ ಇದ್ದದ್ದನ್ನು ಬರೆದಿದ್ದಳು. ಇನಾಮದಾರರಿಗೆ ಐವತ್ತೆಂಟರ ಹತ್ತಿರ. ನೆಟ್ಟನೆಯ ಮನುಷ್ಯ, ಕೆಟ್ಟವರಲ್ಲ. ಮೌನೇಶನನ್ನು ಕೂರಿಸಿ, ಚಿಕಿತ್ಸೆಗೆ ರಜೆ ಬೇಕಾದಷ್ಟು ತಗೊಳ್ಳಿ ಎಂದರು. ಪಾಠ ಹೇಳುವುದನ್ನು ಬಿಟ್ಟು ಉಗ್ರಾಣದ ಕೆಲಸಕ್ಕೆ ಹೋಗಿರಿ ಎಂದರು. ಅದರ ಜೊತೆಗೆ, ಕೈಪಾಠ ಹೇಳುವ ಮೂವತ್ತೆಂಟು ಜನರ ತಿದ್ದುಪಡಿ ಅಂಕಿಗಳನ್ನೂ ಇನ್ನು ಮೇಲೆ ಪ್ರತಿ ತಿಂಗಳು ಸಿಬ್ಬಂದಿ ವಿಭಾಗಕ್ಕೆ ಕಳಿಸುವ ಏರ್ಪಾಟು ಮಾಡುತ್ತಿರುವುದಾಗಿ ಹೇಳಿದರು.

ಹೋದ ವರ್ಷ ತನ್ನ ಪಾಠದಿಂದ ಆದ ಒಂದು ಕೀಲೂ ವಾಪಸು ಬಂದಿಲ್ಲ ಎಂದು ಮೌನೇಶ ನೆನಪಿಸಿದ.

“ಮೇಸ್ತ್ರಿ ತಿದ್ದಿದ್ದಕ್ಕ ಬಂದಿಲ್ಲ,” ಎಂದರು ಇನಾಮದಾರರು. “ನಾಳೆ ತಿದ್ದೋದು ಅದರ ಕೈಲೆ ಆಗಲಿಲ್ಲ ಅಂದ್ರ? ಮಂದಿ ಕಾಲಾಗ ಕೂಡೋ ವಸ್ತು ಪತ್ತಾರ್ರೇ ಅದು.”

ಅದು ಖರೆ ಅನ್ನಿಸಿತು ಮೌನೇಶನಿಗೆ. ಹಾಗಾದರೆ ಒಂದು ಮಿತಿ ಹಾಕಿರಿ, ಹದಿನೈದು ದಾಟಿದ ದಿವಸ ನಾನೇ ತೋಳು ಬಿಡುತ್ತೇನೆ ಎಂದ. ಇನಾಮದಾರರು ಯೋಚಿಸಿ, ಆಗಲಿ ಎಂದರು. ಆದರೆ ಮೂವತ್ತೆಂಟು ಜನರ ಮಾತಿಗೆ ಮೌನೇಶ ಒಪ್ಪಲಿಲ್ಲ.

“ನನ್ನ ಕೈ ಸುದ್ದಿ ಮೊದಲ ನನಗ ಬರಬೇಕಿತ್ತು ಸಾಹೇಬ್ರ, ಬರಲಿಲ್ಲ. ಉಳದೋರದ್ದಾದ್ರೂ ಅವರವರಿಗೆ ಬರ್ಲಿ.”

ಇನಾಮದಾರರು ಅದನ್ನು ನೋಡೋಣ ಎಂದರು. ಆ ನೋಡೋಣದ ಅರ್ಥ ಮೂವತ್ತು ವರ್ಷ ದುಡಿದ ಮೌನೇಶನಿಗೆ ಗೊತ್ತಿತ್ತು.

ಮರುದಿನ ಊಟದ ಹೊತ್ತಿಗೆ ಅವನು ಕ್ಯಾಂಟೀನಿನಲ್ಲಿ ಎದ್ದು ನಿಂತ. ಹತ್ತು ಜನರೆದುರು ಮಾತಾಡಿದವನಲ್ಲ. ತನಗೇನಾಗಿದೆ ಎಂಬುದನ್ನು ಹೆಸರು ಹಿಡಿದು ಹೇಳಿದ, ಚಿತ್ರಗಳನ್ನು ಕೈಯಿಂದ ಕೈಗೆ ಕೊಟ್ಟ. ನಿಮ್ಮ ಕೈಯನ್ನೂ ಅದು ಹೀಗೇ ಬರೆದಿಟ್ಟಿದೆ, ನಿಮಗೆ ತಿಳಿಯುವ ಮೊದಲು ಆಫೀಸಿಗೆ ತಿಳಿಯುತ್ತದೆ ಎಂದ. ಕೊಂಬಿನಂಥ ಚಿತ್ರವನ್ನು ಎಲ್ಲರೂ ನೋಡಿದರು. ನೋಡಿದವರೆಲ್ಲ ಆಮೇಲೆ ತಟ್ಟೆಯ ಪಕ್ಕದಲ್ಲಿದ್ದ ತಮ್ಮ ಕೈ ನೋಡಿಕೊಂಡರು. ಎಲ್ಲರ ಅಂಕಿ ಅವರವರ ಕೈಗೇ ಚೀಟಿಯಾಗಿ ಬರಬೇಕೆಂದು ಕೇಳೋಣ ಎಂದು ಅವನು ಮುಗಿಸಿದ.

“ನನ್ನದು ನನಗ ಬ್ಯಾಡ,” ಎಂದಳು ಗಿರಿಜಾ ಹೊಂಬಳ.

ಯಾರೂ ನಿರೀಕ್ಷಿಸಿರಲಿಲ್ಲ. ಅವಳ ಅಂಕಿ ಸೊನ್ನೆ ಎಂದು ಮೌನೇಶನೇ ಕಂಡಿದ್ದ. ಆದರೆ ಇವತ್ತು ಸೊನ್ನೆ ಇದ್ದದ್ದು ಮುಂದೆ ಎರಡಾದ ದಿನ ತನಗೆ ತಿಳಿಯುವುದು ಬೇಡ ಎಂದಳು ಅವಳು. ಕೈ ಹೋಗುವ ದಿನ ಹೋಗಲಿ, ಅಲ್ಲಿಯವರೆಗೆ ದಿನಾ ಎಣಿಸುತ್ತ ಕೂರಲು ತನ್ನಿಂದಾಗದು ಎಂದಳು.

ತನ್ನ ಹಾಗೆ ಎಲ್ಲರಿಗೂ ಗೊತ್ತುಮಾಡಿಕೊಳ್ಳಬೇಕು ಅನ್ನಿಸುತ್ತದೆ ಎಂದು ಮೌನೇಶ ಎಣಿಸಿದ್ದ. ಎರಡು ದಿನ ಅದನ್ನೇ ತಲೆಯಲ್ಲಿ ಹೊತ್ತು ತಿರುಗಿದ. ಮೂರನೆಯ ದಿನ ಬೇಡಿಕೆಯನ್ನು ಗಿರಿಜಾಳ ಜೊತೆ ಕೂತೇ ಬದಲಿಸಿ ಬರೆದ. ಕೇಳಿದವರಿಗೆ ಮಾತ್ರ ಹೇಳಬೇಕು, ಅವರೊಬ್ಬರಿಗೇ ಹೇಳಬೇಕು. ಕೇಳದವರದು ಹದಿನೈದು ದಾಟಿದರೆ ಮಾತ್ರ ರುಬೀನಾ ಅವರನ್ನೊಬ್ಬರನ್ನೇ ಕರೆದು ತಿಳಿಸಬೇಕು. ಇನಾಮದಾರರು ಒಪ್ಪುವವರೆಗೆ ಹೊಸ ಕೈಪಾಠ ಇಲ್ಲ.

ಮೂರು ದಿನ ಯಾರೂ ತೋಳು ಮುಟ್ಟಲಿಲ್ಲ. ಹಳೆಯ ಆಕಾರದ ಕೀಲುಗಳು ಹೋದವು. ಹೊಸ ಆಕಾರದವು ಪಾಲಿಶ್ ಕಾಣದೆ ತಟ್ಟೆಗಳಲ್ಲಿ ಉಳಿದವು. ಹನ್ನೊಂದು. ಪ್ರತಿ ತಟ್ಟೆಗೂ ಚೀಟಿ: ಸ್ತ್ರೀ, ಅರವತ್ತೇಳು, ಸಿಂದಗಿ. ಪುರುಷ, ಎಪ್ಪತ್ತು, ಶಿರಸಿ. ಮೌನೇಶ ಆ ಚೀಟಿಗಳನ್ನು ಓದಿ ಓದಿ ಮುಖ ಸಣ್ಣ ಮಾಡಿಕೊಂಡ. ಇನ್ನೊಂದು ದಿನ ಹೋದರೆ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋಗುತ್ತಿದ್ದವು; ತಾನೇ ಹೋಗಿ ತೋಳು ಹಿಡಿದುಬಿಡುತ್ತೇನೇನೋ ಎಂದು ಅವನಿಗೆ ತನ್ನ ಮೇಲೇ ಅನುಮಾನ ಬಂದಿತ್ತು. ಸಂಜೆ ನಾಲ್ಕಕ್ಕೆ ಇನಾಮದಾರರು ಅದೇ ತಟ್ಟೆಗಳ ಮುಂದೆ ಬಂದು ನಿಂತರು. ಅವರೂ ಚೀಟಿಗಳನ್ನು ಓದಿದರು. ಬೇಡಿಕೆಯ ಕಾಗದ ತರಿಸಿ ಅಲ್ಲೇ ಸಹಿ ಮಾಡಿದರು. ಆ ಸಂಜೆ ಗಿರಿಜಾ ಒಂದು ತೋಳಿನಲ್ಲಿ, ಮೌನೇಶ ಕೆಂಪು ಗೆರೆಗಳ ನಡುವೆ ಇನ್ನೊಂದರಲ್ಲಿ, ಹನ್ನೊಂದಕ್ಕೂ ಪಾಠ ಮುಗಿಸಿಯೇ ಮನೆಗೆ ಹೋದರು.

ಪಾಠದ ಕೋಣೆಯ ಪರದೆಯಲ್ಲಿ ರುಬೀನಾ ಒಂದು ಹಸಿರು ಗುಂಡಿ ಇಟ್ಟಳು. ನಲವತ್ತು ಎಳೆದು ಅದನ್ನು ಒತ್ತಿದವರಿಗೆ ಅವರ ಚಿತ್ರ ಕಾಣುತ್ತಿತ್ತು, ಕೋಣೆ ಬಿಟ್ಟ ಕೂಡಲೇ ಅಳಿಸಿಹೋಗುತ್ತಿತ್ತು. ಎಷ್ಟು ಜನ ಒತ್ತಿದರು ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು. ಮೊದಲ ವಾರ ಒಬ್ಬರೂ ಒತ್ತಲಿಲ್ಲ. ಎರಡನೆಯ ವಾರ ನಾಲ್ಕು ಜನ. ಯಾರಿರಬಹುದು ಎಂದು ಮೌನೇಶನಿಗೆ ಕುತೂಹಲವಿತ್ತು. ಬಾಯಿ ಬಿಟ್ಟು ಕೇಳಲಿಲ್ಲ.

ಮೂರನೆಯ ವಾರ ಒಂದು ಮಧ್ಯಾಹ್ನ, ಊಟದ ಗಂಟೆಯಾಗಿ ಎಲ್ಲರೂ ಹೋದ ಮೇಲೆ, ಅವನು ಮಾದರಿ ಕೀಲನ್ನು ಒರೆಸಿಡುತ್ತಿದ್ದಾಗ ಇನಾಮದಾರರು ಒಳಗೆ ಬಂದರು. ಅವರು ತೋಳು ಮುಟ್ಟಿದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ಗೋಡೆಯ ಮೇಲಿನ ಸೂಚನೆಗಳನ್ನು ಓದುವವರಂತೆ ಸ್ವಲ್ಪ ಹೊತ್ತು ನಿಂತರು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

“ಹೆಂಗ ಹಿಡೀಬೇಕು ಇದನ್ನ, ತೋರಸ್ರಿ.”

ಮೌನೇಶ ಅವರ ಹೆಬ್ಬೆರಳು ಎಲ್ಲಿ ಕೂರಬೇಕೆಂದು ತೋರಿಸಿದ, ಮಣಿಕಟ್ಟನ್ನು ಸಡಿಲ ಮಾಡಿಸಿದ. ಅವರ ಅಂಗೈ ತಣ್ಣಗಿತ್ತು. ಎಷ್ಟು ಸಲ ಎಂದು ಕೇಳಿದರು. ನಲವತ್ತು ಎಂದ. ಬೆಳಕಿನ ಗೆರೆ ಹಚ್ಚಲೇ ಎಂದು ಕೇಳಿದ್ದಕ್ಕೆ ಅವರು ಬೇಡ ಎಂದು ತಲೆಯಾಡಿಸಿದರು.

ನಿಂತು ನೋಡಬೇಕೆಂದು ಮೌನೇಶನಿಗೆ ಬಹಳ ಆಸೆಯಾಯಿತು. ಅವನು ಪರದೆಯನ್ನು ಅವರೊಬ್ಬರಿಗೇ ಕಾಣುವಂತೆ ತಿರುಗಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡು, ಗಾಜಿಗೆ ಬೆನ್ನು ಹಾಕಿ ನಿಂತ. ಒಳಗೆ ಪಟ್ಟಿ ಲೋಹದ ಮೇಲೆ ಸರಿದಾಡುವ ಸಪ್ಪಳ ಶುರುವಾಯಿತು. ಮೆಟ್ಟಿಲಿಳಿದು ಬಂದ ರುಬೀನಾ ಒಳಗೆ ಯಾರು ಎಂದು ಹುಬ್ಬಿನಲ್ಲೇ ಕೇಳಿದಳು.

“ಯಾರೋ ಕಲಿಯಾಕ ಬಂದಾರ್ರೀ,” ಎಂದ ಮೌನೇಶ.

ಅವಳು ಹೋದಳು. ಸಪ್ಪಳ ನಡೆದೇ ಇತ್ತು. ತನಗೆ ಗೊತ್ತಿಲ್ಲದೆಯೇ ಅವನು ಎಣಿಸತೊಡಗಿದ್ದ. ಒಂದೊಂದು ಸಪ್ಪಳ ಎಷ್ಟು ಉದ್ದವೆಂದು ಕಿವಿ ಅಳೆಯುತ್ತಿತ್ತು. ಹದಿನೇಳಕ್ಕೆ ಬಂದಾಗ ಅದು ಅವನ ಗಮನಕ್ಕೆ ಬಂತು. ಅಲ್ಲಿಗೆ ಎಣಿಕೆ ಬಿಟ್ಟು, ಸಪ್ಪಳ ಕೇಳಿಸದಷ್ಟು ದೂರ ನಡೆದು ಹೋದ.